ಮಾಂತ್ರಿಕನ ಹುದ್ದೆಗೆ ಅರ್ಜಿ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸಿ ಆಡುವ ಆಟ ಹೊರತಂದಾಗ ಮೇಜು, ಪೆನ್ಸಿಲ್ಲು, ದಾಳ, ನಾಲ್ಕು ಜನ ಗೆಳೆಯರಿದ್ದರೆ ಸಾಕಿತ್ತು. ಈಗ ಆಟ ರೋಲ್20, ಡಿಸ್ಕಾರ್ಡ್‌ನಂಥ ಆನ್‌ಲೈನ್ ತಾಣಗಳನ್ನು ಏರಿದೆ. ಅಪರಿಚಿತರ ತಂಡ ಸೇರಲು ಅರ್ಜಿ ಗುಜರಾಯಿಸಬೇಕು.

ವಯಸ್ಸೆಷ್ಟು? ಯಾವ ದೇಶ? ಮೈಕು ಸರಿಯಿದೆಯೇ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ!

ಪಾತ್ರದ ಪೂರ್ವಕಥೆ ಎರಡು ಸಾಲಿನಲ್ಲಿ ಸಾಕೆಂದರೆ ಅಭ್ಯರ್ಥಿ ಎರಡು ಅಧ್ಯಾಯ ಬರೆಯುತ್ತಾನೆ: ಊರು ಸುಟ್ಟಿರುತ್ತದೆ, ಹೆತ್ತವರನ್ನು ಡ್ರ್ಯಾಗನ್ ನುಂಗಿರುತ್ತದೆ. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಬೇಕಿರುವುದು ಒಂದೇ: ‘ಪ್ರತಿ ಶನಿವಾರ ತಪ್ಪದೆ ಬರುತ್ತೀರಾ?’

ಆದರೆ ತಂಡ ನ್ಯೂಯಾರ್ಕಿನದಾದರೆ, ಅಲ್ಲಿ ಬೇಸಿಗೆಯ ಶನಿವಾರ ರಾತ್ರಿ ಎಂಟೆಂದರೆ ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಐದೂವರೆ. ಇಲ್ಲಿಂದ ಮಾಂತ್ರಿಕನ ಪಾತ್ರ ಆಡುವವನು ಹಾಲಿನವನಿಗೆ ಬಾಗಿಲು ತೆಗೆದು ಬರುವಷ್ಟರಲ್ಲಿ ಎದುರಾಳಿ ಗಾಬ್ಲಿನ್‌ಗೆ 20 ಮುಖದ ದಾಳದಲ್ಲಿ 20 ಬಿದ್ದಿರುತ್ತದೆ.