ಈರುಳ್ಳಿಯ ಪಾಠ ಟಿಪ್ಪಣಿ

ಪಾಠ ಟಿಪ್ಪಣಿ ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿದ ಕೂಡಲೇ ಪಾಠದ ಅರ್ಧ ಜೀವ ಹೋಗಿರುತ್ತದೆ. ಉಳಿದರ್ಧವನ್ನು ಒಳಗಿನ ಕಾಲಂಗಳು ತಿನ್ನುತ್ತವೆ. ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದೂ ಮನೆ ತುಂಬಿದ್ದರೆ ತಪಾಸಣೆಗೆ ಬಂದವರ ಮುಖ ಅರಳುತ್ತದೆ. ಮೊದಲ ಮನೆಯಲ್ಲಿ ‘ಚಿತ್ರಪಟ ತೋರಿಸಿ ಕುತೂಹಲ ಕೆರಳಿಸುವುದು’ ಎಂದಿರುತ್ತದೆ. ಕುತೂಹಲವೇನು ಹಲ್ಲುನೋವೇ, ಮುಟ್ಟಿದೊಡನೆ ಕೆರಳಲಿಕ್ಕೆ? ಕೈಗೆ ಸಿಗುವ ಒಂದು ವಸ್ತು, ಅದರ ಮೇಲೊಂದು ನಿಜವಾದ ಪ್ರಶ್ನೆ ಇದ್ದರೆ ವಿಷಯಗಳು ತಾವಾಗಿಯೇ ಹಿಂದೆ ಬರುತ್ತವೆ ಎಂಬುದು ನನ್ನ ವಾದ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವನ್ನೇ ನೋಡಿ. ಭಾದ್ರಪದದಲ್ಲಿ ಮಾರಮ್ಮನ ಜಾತ್ರೆ. ಅಮ್ಮ ತುಂಬಲು ಎಂಬ ಜಾಗಕ್ಕೆ ಹೊರಟಳೆಂದರೆ ಜನ ಹರಕೆಯೆಂದು ಈರುಳ್ಳಿ ತೂರುತ್ತಾರೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ತೂರಿದ ಈರುಳ್ಳಿ ಸುಮಾರು 5 ಮೀಟರ್ ಏರಿ, 2 ಸೆಕೆಂಡಿಗೆಲ್ಲ ತೂರಿದವನ ಕೈಗೋ ತಲೆಗೋ ಮರಳುತ್ತದೆ. ಇದು ಭೌತವಿಜ್ಞಾನ. ಕಿಲೋಗೆ ಹತ್ತು ಗಡ್ಡೆ ತೂಗಿದರೆ ಹರಕೆಯ ಖರ್ಚೆಷ್ಟು ಎಂಬುದು ಗಣಿತ. ಹೆಚ್ಚಿದಾಗ ಕಣ್ಣಲ್ಲಿ ನೀರು ತರಿಸುವ ಗಂಧಕದ ಸಂಯುಕ್ತ ರಸಾಯನ. ಧಾರವಾಡದವರ ಉಳ್ಳಾಗಡ್ಡಿ, ಗಡಿಯಾಚೆಯಿಂದ ಬಂದ ಭಕ್ತರ ಎರ್ರಗಡ್ಡ ಭಾಷಾಪಾಠ. ಇತಿಹಾಸಕ್ಕೆ ಈರುಳ್ಳಿ ಸಾಲದು, ಪಕ್ಕದ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಬೇಕು. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಶಿಷ್ಯ ಗುರುವನ್ನು ಗೌರವಿಸಬೇಕೆಂಬ ಆಜ್ಞೆಯಿದೆ (ಶಿಕ್ಷಕರ ಕೊಠಡಿಯಲ್ಲಿ ತೂಗುಹಾಕಲು ಲಾಯಕ್ಕಾದದ್ದು). ಕೊನೆಯಲ್ಲಿ ಚಪಡನೆಂಬ ಬರಹಗಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿ, ‘ಲಿಪಿಕಾರ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಡಿಯ ಲಿಪಿ ಈ ಬಂಡೆಗೆ ಹೇಗೆ ಬಂತು? ಬಹುಶಃ ತನಗೆ ಇನ್ನೊಂದು ಲಿಪಿಯೂ ಬರುತ್ತದೆಂದು ತೋರಿಸುವ ಚಪಲ. ಹಿಂದಿನ ಬೆಂಚಿನ ಹುಡುಗರಿಗೆ ಅವನು ತಕ್ಷಣ ಅರ್ಥವಾಗುತ್ತಾನೆ.

ಜಾತ್ರೆ ವರ್ಷಕ್ಕೊಂದೇ, ಪಠ್ಯ ವರ್ಷವಿಡೀ ಎಂದು ಯಾರಾದರೂ ಗೊಣಗಬಹುದು. ಸರಿ, ಆದರೆ ಈರುಳ್ಳಿ ದಿನಾ ಬಿಸಿಯೂಟದ ಸಾರಿನಲ್ಲೇ ಇದೆಯಲ್ಲ. ಹರಕೆಯನ್ನು ತರಗತಿಗೆ ತಂದರೆ ಮೌಢ್ಯಕ್ಕೆ ಮಣೆ ಹಾಕಿದಂತೆ ಎನ್ನುವವರೂ ಇದ್ದಾರೆ. ಗಡ್ಡೆ ಎಷ್ಟೆತ್ತರ ಹೋಯಿತೆಂದು ಲೆಕ್ಕ ಹಾಕುವ ಮಗು ಆ ಹೊತ್ತಿಗೆ ಗುರುತ್ವಕ್ಕಷ್ಟೇ ಕೈಮುಗಿದಿರುತ್ತದೆ. ತೂಕವಿರುವ ಆಕ್ಷೇಪ ಇನ್ನೊಂದು: ಊರನ್ನೇ ಕಲಿತ ಮಗು ಊರಲ್ಲೇ ಉಳಿದೀತು. ಸುತ್ತ ಕಂಡದ್ದನ್ನು ಹೆಸರಿಸಿ ಅಲ್ಲಿಗೇ ನಿಲ್ಲಿಸುವ ಪಾಠಕ್ಕೆ ಇದು ನಿಜವಾಗಿಯೂ ತಗಲುತ್ತದೆ. ‘ಯಾಕೆ’ ಎಂದು ಕೇಳುತ್ತ ಹೋಗುವ ಪಾಠ ಊರಿನ ಗಡಿಯಲ್ಲಿ ನಿಲ್ಲುವುದಿಲ್ಲ. ಚಂದ್ರನ ಮೇಲೆ ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋದವರು ಇದೇ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿ ತೋಡಿದ್ದರು. ಆ ಕುಳಿಗಳ ಆಳ ಅಳೆಯುವುದು ಯಾವ ತರಗತಿಯ ಪಾಠವೆಂದು ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಕಾಲಂ ಇಲ್ಲ.