ಮಲ್ಲಟಕ್ಕೆ ಬಂದ ನಾಯಿ ಮಾಸ್ತರು

ನಾಯಿಗೆ ಪಾಠ ಹೇಳಲು ರಾಯಚೂರಿನಿಂದ ಮಾಸ್ತರೊಬ್ಬರು ಬರುತ್ತಾರೆಂಬ ಸುದ್ದಿ ಮಲ್ಲಟದಲ್ಲಿ ಹಬ್ಬಿದ ಮೇಲೆ ನಮ್ಮ ಮನೆತನದ ಮರ್ಯಾದೆ ಏರಿತೋ ಇಳಿಯಿತೋ ಹೇಳುವುದು ಕಷ್ಟ. ಚಹಾದಂಗಡಿಯಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದವರೊಬ್ಬರು ಬಾಯಲ್ಲಿದ್ದದ್ದನ್ನು ನುಂಗಿ, "ಮಕ್ಕಳಿಗೆ ಟ್ಯೂಷನ್ ಹಚ್ಚಿದವರನ್ನ ನೋಡೀನಿ, ನಾಯಿಗೂ ಹಚ್ಚತಾರೇನ್ರಿ?" ಎಂದು ಕೇಳಿದರು. ಆದರೆ ಕೇಳಿದವರ ಬೈಕಿನ ಹಿಂದೆಯೂ ನಮ್ಮ ನಾಯಿ ಓಡಿದ್ದುಂಟು. ಮಲ್ಲಟ ಮಾನ್ವಿ ತಾಲೂಕಿನಿಂದ ಸಿರವಾರ ತಾಲೂಕಿಗೆ ಹೋಯಿತು; ನಾಯಿಯ ಸರಹದ್ದು ಮಾತ್ರ ಇದ್ದಲ್ಲೇ ಇತ್ತು. ಅದರೊಳಗೆ ಉರುಳುವ ಗಾಲಿ ಯಾವುದಿದ್ದರೂ ಅದಕ್ಕೆ ಬೆನ್ನಟ್ಟಿಸಿಕೊಳ್ಳುವ ಯೋಗ ತಪ್ಪುತ್ತಿರಲಿಲ್ಲ.

ಮರಿ ಕೊಟ್ಟ ಗೆಳೆಯ ಇದು ಅಪ್ಪಟ ಮುಧೋಳ ತಳಿ ಎಂದಿದ್ದ. ನಾನೂ ಆ ಹೆಮ್ಮೆಯನ್ನು ಬೆಳೆಸಿಕೊಂಡಿದ್ದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಸಾಕಿ ಬೆಳೆಸಿದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ದೇಶಿ ನಾಯಿಗಳಲ್ಲೊಂದು, ಮೀರತ್‌ನಲ್ಲಿ ಸೈನ್ಯದವರ ಕೈಯಲ್ಲಿ ಪಳಗಿದ ಜಾತಿ ಎಂದು ಬಂದವರಿಗೆಲ್ಲ ವಂಶಾವಳಿ ಓದುತ್ತಿದ್ದೆ. ಪೊಲೀಸ್ ಶ್ವಾನದಳದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಮಾಸ್ತರು ನಾಯಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ತಾಯಿ ಕಡಿಂದ ಮುಧೋಳ ಇರಬೌದ್ರಿ. ತಂದಿ ಮಾತ್ರ ನಿಮ್ಮೂರಿನವನ" ಎಂದರು. ಆದರೂ ತಾಯಿಯ ಕಡೆಯ ಆಸ್ತಿ ಚೆನ್ನಾಗಿಯೇ ಬಂದಿತ್ತು. ಮುಧೋಳದ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತದೆ. ಓಡುವುದು ಕಂಡರೆ ಬೆನ್ನು ಹತ್ತುವುದು ಅದರ ಕುಲಕಸುಬು. ಮೊಲಗಳು ಕಡಿಮೆಯಾಗಿ ಬೈಕುಗಳು ಹೆಚ್ಚಾದದ್ದು ಅದರ ತಪ್ಪಲ್ಲ.

"ಹೆಸರೇನ್ರಿ ಇದರದ್ದು?" ಮಾಸ್ತರು ಕೇಳಿದ ಮೊದಲ ಪ್ರಶ್ನೆಗೇ ಪಾಠ ನಿಂತಿತು. ನಾನು ಬ್ರೂನೊ ಎಂದೆ. ಅಣ್ಣನ ಮಕ್ಕಳು 'ಕೆಜಿಎಫ್' ನೋಡಿದಾಗಿನಿಂದ ರಾಕಿ ಎನ್ನುತ್ತಿದ್ದವು. ಅವ್ವನಿಗೆ ಅದು ಲಾಲ್ಯಾ. ಕಾಕಾ ಮಾತ್ರ ಕರಿಯಾ ಎಂದರು. ನಾಯಿ ಕೆಂಪಗಿತ್ತು. ಆದರೆ ಕಾಕಾ ಸಾಕಿದ ನಾಯಿಗಳೆಲ್ಲ ಕರಿಯಾಗಳೇ. ಅವರಿಗೆ ಅದು ಹೆಸರಲ್ಲ, ಹುದ್ದೆ. ಒಂದು ಸತ್ತರೆ ಇನ್ನೊಂದು ಚಾರ್ಜ್ ತೆಗೆದುಕೊಳ್ಳುತ್ತದೆ. "ಮದ್ಲ ನೀವು ಒಂದು ಮಾತಿಗೆ ಬರ್ರಿ, ಆಮ್ಯಾಲೆ ನಾಯಿ ಬರತೈತಿ" ಎಂದು ಮಾಸ್ತರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಹೊಲದ ಬದುವಿನ ತಂಟೆಯಲ್ಲಿ ಕೂಡ ಒಂದು ಮಾತಿಗೆ ಬಾರದ ಮನೆ ನಮ್ಮದು. ಎರಡು ಸಲ ಚಹಾ ಆಗಿ, ಒಬ್ಬರು ಸಿಟ್ಟಾಗಿ ಎದ್ದುಹೋಗಿ ಮರಳಿ ಬಂದ ಮೇಲೆ ಲಾಲ್ಯಾ ಗೆದ್ದಿತು. ಅನ್ನ ಹಾಕುವವರು ಇಟ್ಟ ಹೆಸರು, ಗೆಲ್ಲದೆ ಇನ್ನೇನು.

ಕಾಕಾನ ಎರಡನೇ ತಕರಾರು ಬಡಿಗೆಯದು. ಬಡಿಗೆ ಇಲ್ಲದೆ ವಿದ್ಯೆ ತಲೆಗೆ ಹತ್ತುವುದುಂಟೇ? "ನಾವು ಮಗ್ಗಿ ಕಲ್ತದ್ದು ಹೆಂಗ್ರಿ? ಬೆತ್ತ ತಿಂದ ಕಲ್ತೀವಿ."

"ಹದಿನೇಳ ಒಂಬತ್ಲೆ ಎಷ್ಟ್ರಿ ಯಜಮಾನ್ರ?" ಎಂದರು ಮಾಸ್ತರು.

ಕಾಕಾ ಬೇವಿನ ಗಿಡದ ತುದಿ ನೋಡಿದರು. ಅಲ್ಲಿ ಉತ್ತರ ಇರಲಿಲ್ಲ. ಹೊಡೆತ ತಿಂದ ನಾಯಿಗೆ ನೆನಪಿರುವುದು ಹೊಡೆದ ಕೈ, ಹೊಡೆದ ಕಾರಣವಲ್ಲ ಎಂದು ಮಾಸ್ತರು ವಿವರಿಸಿದರು. ಕಾಕಾ ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಬಗ್ಗಿಸಿದ್ದು ಮೈಲಾರಲಿಂಗ. ಆ ದೇವರ ಗೊರವಯ್ಯಗಳು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಗೆ ಬಾಯಿ ಹಚ್ಚಿ ಪ್ರಸಾದ ತಿನ್ನುವುದನ್ನು ಕಣ್ಣಾರೆ ಕಂಡು ಕೈಮುಗಿದವರು ಕಾಕಾ. ಅವ್ವ ಅದನ್ನು ನೆನಪಿಸಿದ್ದೇ ಬಡಿಗೆ ದನದ ಕೊಟ್ಟಿಗೆಗೆ ಹೋಯಿತು.

ಬಡಿಗೆಯ ಜಾಗಕ್ಕೆ ಬಂದದ್ದು ಖಡಕ್ ರೊಟ್ಟಿ. ಪೇಟೆಯಲ್ಲಿ ನಾಯಿ ಕಲಿಸುವವರು 'ಕ್ಲಿಕ್' ಎನ್ನುವ ಪುಟ್ಟ ಡಬ್ಬಿ ಹಿಡಿದಿರುತ್ತಾರಂತೆ. ನಾಯಿ ಸರಿಯಾದ್ದನ್ನು ಮಾಡಿದ ಆ ಕ್ಷಣದಲ್ಲೇ ಕ್ಲಿಕ್, ಹಿಂದೆಯೇ ತಿನಿಸು. ತಡವಾದರೆ ಯಾವುದಕ್ಕೆ ಬಹುಮಾನ ಬಂತೆಂದು ಅದಕ್ಕೆ ತಿಳಿಯುವುದಿಲ್ಲ. ನಮ್ಮಲ್ಲಿ ಡಬ್ಬಿ ಇಲ್ಲ, ತಿಂಗಳಿಟ್ಟರೂ ಕೆಡದ ಜೋಳದ ಖಡಕ್ ರೊಟ್ಟಿ ಬುಟ್ಟಿ ತುಂಬ ಇದೆ. ಮುರಿದರೆ 'ಕಟಕ್'. ಸದ್ದೂ ಅದೇ, ಸಂಬಳವೂ ಅದೇ. ರಷ್ಯಾದ ಪಾವ್ಲೋವ್ ನಾಯಿಯ ಜೊಲ್ಲು ಅಳೆದು ಕಂಡುಕೊಂಡ ಸಂಗತಿಯನ್ನು ಲಾಲ್ಯಾ ಬೇಗನೆ ಒಪ್ಪಿಕೊಂಡ. ರಾಯಚೂರು ಸೀಮೆಯ ಬಿಸಿಲಿಗೆ ಟಾರು ರಸ್ತೆ ನಾಯಿಯ ಅಂಗಾಲು ಸುಡುತ್ತದೆ, ಹಾಗಾಗಿ ಪಾಠ ಹೊತ್ತು ಏರುವ ಮುಂಚೆ. ಅಣ್ಣನ ಮಗ ದೂರದಲ್ಲಿ ಬೈಕ್ ಓಡಿಸಬೇಕು. ಲಾಲ್ಯಾ ಅದನ್ನು ನೋಡಿ, ಓಡದೆ, ತಿರುಗಿ ನನ್ನ ಕಡೆ ನೋಡಿದರೆ ಕಟಕ್. ದಿನಾ ಬೈಕು ಸ್ವಲ್ಪ ಸ್ವಲ್ಪ ಹತ್ತಿರ. ಪೆಟ್ರೋಲಿನ ಖರ್ಚು ಮಾಸ್ತರರ ಫೀಸನ್ನು ಮೀರಿಸಿತು, ಆ ಹುಡುಗ ಮಾತ್ರ ಅಷ್ಟು ಬೇಗ ಎದ್ದದ್ದನ್ನು ನಾವು ಯಾರೂ ಕಂಡಿರಲಿಲ್ಲ.

ತೊಡಕು ರಾತ್ರಿಯದು. ಮನೆಮಂದಿಯೆಲ್ಲ ಊಟಕ್ಕೆ ಕೂತು ರೊಟ್ಟಿ ಮುರಿಯತೊಡಗಿದರೆ ಪಡಸಾಲೆಯ ತುಂಬ ಕಟಕ್ ಕಟಕ್. ತಾನು ಅಂಥ ಯಾವ ಘನಕಾರ್ಯ ಮಾಡಿದೆನೆಂದು ತಿಳಿಯದೆ ಲಾಲ್ಯಾ ಕೂತು, ಎದ್ದು, ಮುಂಗಾಲು ಚಾಚಿ, ಕಲಿತದ್ದನ್ನೆಲ್ಲ ಒಪ್ಪಿಸಿಬಿಡುತ್ತಿದ್ದ.

ಇನ್ನು 'ಕುಂದ್ರು'. ಮಾಸ್ತರು 'ಸಿಟ್' ಎಂದು ಶುರುಮಾಡಿದ್ದರು, ಅವ್ವ ಸುತಾರಾಂ ಒಪ್ಪಲಿಲ್ಲ. ಶಬ್ದ ಯಾವುದಾದರೂ ಸರಿ, ಎಲ್ಲರೂ ಅದನ್ನೇ ಅನ್ನಬೇಕು ಎಂದು ಹೇಳಿ ಮಾಸ್ತರು ಸೋತರು. ನಮ್ಮ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಆಡುವ ಮಾತು ಅದೇ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹೊಸ್ತಿಲಿಗೆ ಬಂದವರಿಗೆ "ಬರ್ರಿ, ಕುಂದರ್ರಿ" ಎನ್ನುತ್ತಲೇ ಅತಿಥಿಗಿಂತ ಮುಂಚೆ ಲಾಲ್ಯಾ ಕೂರುತ್ತಾನೆ. 'ರ್ರಿ' ಎಂಬ ಗೌರವವನ್ನು ತನಗೇ ಸಂದದ್ದೆಂದು ತಿಳಿದಿದ್ದಾನೆ. ಬಂದವರಿಗೆ ಚಹಾ ತಡವಾದರೂ ನಡೆದೀತು, ಇವನಿಗೆ ರೊಟ್ಟಿ ಆ ಕ್ಷಣಕ್ಕೇ ಆಗಬೇಕು.

ಕದ್ದು ಕೊಡುವುದೊಂದು ಉಳಿಯಿತು. ಊಟದ ಹೊತ್ತಿಗೆ ಕೈ ನೆಕ್ಕಲು ಬಂದರೆ ಏನೂ ಕೊಡಬಾರದು ಎಂದು ಮಾಸ್ತರರ ಕಟ್ಟಪ್ಪಣೆ. ಅವ್ವ ಕೊಡುವುದಿಲ್ಲ, ಕೊಡುವುದಿಲ್ಲ, ಒಂದು ದಿನ ಕರುಳು ಚುರ್ ಎಂದು ಕೊಟ್ಟೇಬಿಡುತ್ತಾಳೆ. ದಿನಾ ಕೊಟ್ಟು ನಿಲ್ಲಿಸಿದರೆ ನಾಯಿ ಬೇಗ ಆಸೆ ಬಿಡುತ್ತದಂತೆ. ಯಾವಾಗಲೋ ಒಮ್ಮೆ ಕೊಟ್ಟರೆ ಬಿಡುವುದೇ ಇಲ್ಲ. ಅಮೆರಿಕದ ಸ್ಕಿನ್ನರ್ ಎಂಬ ಪಂಡಿತ ಇಲಿ-ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ ಈ ಸಂಗತಿ ನಮ್ಮ ಕಡೆ ಮಟಕಾ ಬರೆಸುವವರಿಗೆಲ್ಲ ಗೊತ್ತು. ಎಂದೋ ಒಂದು ನಂಬರು ಹತ್ತಿತ್ತೆಂದು ಎರಡೆಕರೆ ಹತ್ತಿ ಹೊಲ ಕರಗಿಸಿದವರಿದ್ದಾರೆ. ಅವ್ವನ ತಟ್ಟೆಯ ಮುಂದೆ ಲಾಲ್ಯಾ ಈಗಲೂ ನಂಬರು ಕಾಯುತ್ತಾನೆ.

ಮಾಸ್ತರು ಹೇಳಿದ್ದರಲ್ಲಿ ನಮಗೆ ಕಷ್ಟವಾದದ್ದು ಕಣ್ಣು ಕೂಡಿಸುವುದು. ನಾಯಿ ಮೆತ್ತಗೆ ನಮ್ಮ ಮುಖ ನೋಡುವ ತನಕ ಕಾಯಬೇಕು, ನಾವೂ ನೋಡಬೇಕು. ನಾಯಿಯೂ ಸಾಕಿದವರೂ ಹೀಗೆ ನೋಡಿಕೊಂಡರೆ ತಾಯಿ-ಮಗುವಿನ ನಡುವೆ ಉಕ್ಕುವ ಆಕ್ಸಿಟೋಸಿನ್ ಇಬ್ಬರಲ್ಲೂ ಹೆಚ್ಚುತ್ತದೆಂದು 2015ರಲ್ಲಿ ಜಪಾನಿನ ವಿಜ್ಞಾನಿಗಳು ಬರೆದಿದ್ದಾರೆ. ನಮ್ಮ ಮನೆಯಲ್ಲಿ ಮುಖ ನೋಡಿ ಮಾತಾಡುವ ರೂಢಿಯೇ ಇಲ್ಲ. ಅಡುಗೆಮನೆಯಿಂದ ಒಬ್ಬರು ಒದರಿದರೆ ಹಿತ್ತಲಿನಿಂದ ಇನ್ನೊಬ್ಬರು ಒದರುತ್ತಾರೆ. ಅರ್ಧ ಜಗಳ ಕೇಳಿಸದಿದ್ದಕ್ಕೆ, ಅರ್ಧ ಕೇಳಿಸಿದ್ದಕ್ಕೆ. ಈಗ ಸಂಜೆ ಕಾಕಾ ಕಟ್ಟೆಯ ಮೇಲೆ ಲಾಲ್ಯಾನ ಮುಖವನ್ನೇ ನೋಡುತ್ತ ಕೂತಿರುತ್ತಾರೆ. ಕಾಕಿಗೆ ಸಿಗದ ಭಾಗ್ಯ ಎಂದು ಕಾಕಿಯೇ ಅನ್ನುತ್ತಾಳೆ.

ಸದ್ಯಕ್ಕೆ ನಡೆದಿರುವುದು 'ಬಿಡು' ಪಾಠ. ನೆಲಕ್ಕೆ ಬಿದ್ದದ್ದಕ್ಕೆ ಬಾಯಿ ಹಾಕದೆ ಹಿಂದೆ ಸರಿದರೆ ಕಟಕ್. ಲಾಲ್ಯಾನಿಗೆ ಚೆನ್ನಾಗಿ ಬಂದಿದೆ. ಮೊನ್ನೆ ಕಾಕಾ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ಬಾಯಿಗೆ ಒಯ್ಯುತ್ತಿದ್ದಾಗ ಅವ್ವ ಅದೇ ದನಿಯಲ್ಲಿ, "ಬಿಡು" ಎಂದಳು.

ಕಾಕಾ ಕೈ ತಡೆದು, ಇನ್ನೊಂದು ಕೈ ಚಾಚಿದರು. "ಅತ್ತಿಗಿ, ರೊಟ್ಟಿ ಎಲ್ಲೈತಿ?"