ಕಯೋಟಿ ಆವಾಹನ ಮೀಮಾಂಸೆ

ಆಮಂತ್ರಣವಿಲ್ಲದೆ ಬಂದವನಿಗೆ ಯಾವ ಮರ್ಯಾದೆ ಸಲ್ಲಬೇಕೆಂದು ಸರ್ವಜ್ಞ ಹೇಳಿಟ್ಟು ಹೋಗಿದ್ದಾನೆ. ಪರಿಪರಿಯಾಗಿ ಕೂಗಿದರೂ ಬಾರದವನನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಮಾತ್ರ ನಮ್ಮ ಪೂರ್ವಸೂರಿಗಳು ಬಾಯಿ ಬಿಟ್ಟಿಲ್ಲ. ಈ ಕೊರತೆಯನ್ನು ತುಂಬುವ ಕೆಲಸ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ವಯೋಮಿಂಗ್, ನೆವಾಡಾ, ಯೂಟಾಗಳ ಬೋಳುಗುಡ್ಡಗಳ ಮೇಲೆ, ಪ್ರತಿ ಚಳಿಗಾಲದ ನಸುಕಿನಲ್ಲಿ ನಡೆಯುತ್ತಿದೆ. ಅಲ್ಲಿ ಹೆಂಡತಿ ಮಕ್ಕಳಿರುವ, ಬ್ಯಾಂಕಿನಲ್ಲಿ ಸಾಲವಿರುವ ಗೃಹಸ್ಥರು ಸೇಜ್‌ಬ್ರಷ್ ಪೊದೆಯ ಬುಡದಲ್ಲಿ ಕುಳಿತು ಸಾಯುವ ಮೊಲದ ಹಾಗೆ ಕಿರುಚುತ್ತಾರೆ. ಕಿರುಚಿದ್ದು ಕೇಳಿ ಕಯೋಟಿ ಬರಬೇಕು. ಬರುವುದಿಲ್ಲ. ಬಾರದಿರುವುದಕ್ಕೆ ಕಾರಣಗಳಿವೆ. ಆ ಕಾರಣಗಳ ಮೊತ್ತಕ್ಕೇ ಇಲ್ಲಿ ಶಾಸ್ತ್ರವೆಂದು ಹೆಸರು.

ಶಾಸ್ತ್ರವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯವು ಕಯೋಟಿ. 1823ರಲ್ಲಿ ಥಾಮಸ್ ಸೇ ಎಂಬ ಪ್ರಕೃತಿವಿಜ್ಞಾನಿ ಇದಕ್ಕೆ ಕ್ಯಾನಿಸ್ ಲ್ಯಾಟ್ರಾನ್ಸ್ ಎಂದು ನಾಮಕರಣ ಮಾಡಿದ. ನಮ್ಮ ಹೊಲದ ಬದುವಿನ ನರಿಯದೂ ಇದರದೂ ಒಂದೇ ಗೋತ್ರ. ತೂಕ ಒಂಬತ್ತರಿಂದ ಇಪ್ಪತ್ತು ಕಿಲೋ, ಓಟ ಗಂಟೆಗೆ 60 ಕಿಲೋಮೀಟರಿನಷ್ಟು. ಮೊಲ, ಇಲಿ, ಮಿಡತೆ, ಕಲ್ಲಂಗಡಿ, ಸತ್ತ ದನ, ಯಾವುದಕ್ಕೂ ಬೇಡವೆನ್ನುವ ಪ್ರಾಣಿಯಲ್ಲ. ಇಂಥ ಪ್ರಾಣಿ ಊಟಕ್ಕೆ ಕರೆದರೆ ಬರುವುದಿಲ್ಲ ಎಂಬಲ್ಲಿಂದ ಜಿಜ್ಞಾಸೆ ಹುಟ್ಟುತ್ತದೆ.

ಪ್ರಯೋಜನದ ಬಗ್ಗೆ ಹೆಚ್ಚು ಕೆದಕಬಾರದು. ಹೇಸರಗತ್ತೆ ಜಿಂಕೆಯ, ಅಂದರೆ ಮ್ಯೂಲ್ ಡಿಯರ್‌ನ, ಮರಿಗಳನ್ನು ಉಳಿಸಲೆಂದು ಯೂಟಾ ಸರ್ಕಾರ 2012ರಿಂದ ಕಯೋಟಿಯೊಂದಕ್ಕೆ 50 ಡಾಲರ್ ಇನಾಮು ಕೊಡುತ್ತಿದೆ. ಆ 50 ಡಾಲರಿನಲ್ಲಿ ಡೀಸೆಲ್, ಕಾಡತೂಸು, ಕಾಫಿ, ರಿಮೋಟಿನ ಬ್ಯಾಟರಿ ಇವುಗಳನ್ನು ಕಳೆದು ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿದವನು ಅಧಿಕಾರಿಯಲ್ಲ; ಅವನು ಮನೆಯಲ್ಲೇ ಮಲಗುತ್ತಾನೆ. ಇನ್ನು ಸಂಬಂಧ. ಅದು ಕರೆಯುವವನಿಗೂ ಬರುವವನಿಗೂ ನಡುವೆ ಇರಬೇಕಾದದ್ದು, ಇನ್ನೂ ಏರ್ಪಟ್ಟಿಲ್ಲ.

ಕನ್ನಡ ಓದುಗರಿಗೆ ಇಲ್ಲೇ ಒಂದು ಎಚ್ಚರಿಕೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ನರಿ ಬೇಟೆ ಅಪರಾಧ. ಆದ್ದರಿಂದ ಈ ಗ್ರಂಥವನ್ನು ಪಾರಾಯಣಕ್ಕೆ ಮಾತ್ರ ಬಳಸತಕ್ಕದ್ದು. ಬೆಳಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎಂಬ ನಮ್ಮವರ ನಂಬಿಕೆಯನ್ನು ವಯೋಮಿಂಗಿನವರು ಕೇಳಿಲ್ಲ. ಕೇಳದೆಯೇ ಅದನ್ನು ಇಷ್ಟು ಶ್ರದ್ಧೆಯಿಂದ ಆಚರಿಸುತ್ತಿದ್ದಾರೆ.

ಅಧಿಕಾರಿಯ ಲಕ್ಷಣ ಹೀಗೆ. ವಯೋಮಿಂಗಿನಲ್ಲಿ ಕಯೋಟಿ ಬೇಟೆಗೆ ವರ್ಷದ ಯಾವ ತಿಂಗಳಲ್ಲೂ ಅಡ್ಡಿಯಿಲ್ಲ. ಸರ್ಕಾರ ಕೇಳುವ ಅರ್ಹತೆ ಅಷ್ಟಕ್ಕಷ್ಟೆ. ಶಾಸ್ತ್ರ ಕೇಳುವುದು ಹೆಚ್ಚು. ವೇದಾಂತಿಗಳು ಸಾಧಕನಿಗೆ ಹೇಳಿದ ಶಮದಮಾದಿ ಆರು ಸಂಪತ್ತುಗಳೂ ಇಲ್ಲಿ ಬೇಕು, ಆದರೆ ಬೇರೆ ಪ್ರಮಾಣದಲ್ಲಿ. ಮೂಗಿನ ತುದಿ ತುರಿಸುವಾಗ ಕೈ ಎತ್ತದಿರುವುದು ದಮ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಲಬೆರಳುಗಳು ಒಂದೊಂದಾಗಿ ಸೇವೆಯಿಂದ ನಿವೃತ್ತವಾಗುವುದನ್ನು ಗಮನಿಸುತ್ತ ಕೂರುವುದು ತಿತಿಕ್ಷೆ. ಹೋದ ಶನಿವಾರ ಇದೇ ಪೊದೆಯಲ್ಲಿ ಕೂತು ಏನೂ ಸಿಗದಿದ್ದರೂ ಈ ಶನಿವಾರ ಅದೇ ಪೊದೆಗೆ ಬರುವುದು ಶ್ರದ್ಧೆ. ಪಕ್ಕದ ಊರಿನವನಿಗೆ ಒಂದೇ ಬೆಳಗ್ಗೆ ನಾಲ್ಕು ಬಂದವಂತೆ ಎಂಬ ಸುದ್ದಿ ಕೇಳಿಯೂ ಸುಮ್ಮನಿರುವುದು ಉಪರತಿ; ಇದು ಸಿದ್ಧಿಸಿದವರು ವಿರಳ.

ಇನ್ನು ನಾದ ಪ್ರಕರಣ. ಇಲ್ಲಿ ಎರಡು ಸಂಪ್ರದಾಯಗಳಿವೆ. ಬಾಯಿವಾದಿಗಳು ಪ್ಲಾಸ್ಟಿಕ್ ಎಲೆ ಕೂರಿಸಿದ ಸಣ್ಣ ಪೀಪಿಯನ್ನು ತುಟಿಗಿಟ್ಟು ಊದುತ್ತಾರೆ. ಇವರು ತಮ್ಮ ಪರಂಪರೆಯನ್ನು ಟೆಕ್ಸಸ್‌ನ ಮಾರ್ಬಲ್ ಫಾಲ್ಸ್ ಊರಿನ ಬರ್ನ್‌ಹಮ್ ಸಹೋದರರಿಂದ ಎಣಿಸುತ್ತಾರೆ. 1950ರ ದಶಕದಲ್ಲಿ ಆ ಅಣ್ಣತಮ್ಮಂದಿರು ಅಂಚೆಯ ಮೂಲಕ ಪೀಪಿ ಮಾರಿ ದೇಶಕ್ಕೆಲ್ಲ ಈ ವಿದ್ಯೆಯನ್ನು ಹಂಚಿದರು. ಯಂತ್ರವಾದಿಗಳ ಮೂಲಪುರುಷ ಅದೇ ಟೆಕ್ಸಸ್‌ನ ವೇಕೋ ಊರಿನ ಜಾನಿ ಸ್ಟುವರ್ಟ್. ಅವನು ನಿಜವಾದ ಪ್ರಾಣಿಗಳ ಆರ್ತನಾದವನ್ನು ಧ್ವನಿಮುದ್ರಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮಾರಿದ. ಈಗಿನ ಇಲೆಕ್ಟ್ರಾನಿಕ್ ಕರೆಯಂತ್ರದಲ್ಲಿ ನೂರಾರು ಸಂಕಟಗಳಿವೆ: ಕಾಟನ್‌ಟೇಲ್ ಮೊಲದ ಸಂಕಟ, ಜ್ಯಾಕ್‌ರ‍್ಯಾಬಿಟ್ಟಿನ ಸಂಕಟ, ಜಿಂಕೆಮರಿಯ ಸಂಕಟ, ಮರಕುಟಿಗನ ಸಂಕಟ, ಕಯೋಟಿಯ ಸ್ವಂತ ಮರಿಯ ಸಂಕಟ. ಬೇಟೆಗಾರನ ಸಂಕಟ ಒಂದನ್ನು ಮಾತ್ರ ಯಾವ ಕಂಪನಿಯೂ ಮುದ್ರಿಸಿದಂತಿಲ್ಲ, ಅದು ನೇರಪ್ರಸಾರವಾಗುವುದರಿಂದ ಇರಬಹುದು.

ಎರಡೂ ಪಂಗಡದವರು ಒಪ್ಪುವ ನಿಯಮ ಒಂದಿದೆ: ಮೊದಲು ಮೆಲ್ಲಗೆ. ಕಯೋಟಿ ಹತ್ತಿರದ ಹಳ್ಳದಲ್ಲೇ ಮಲಗಿದ್ದೀತು. ಶುರುವಿನಲ್ಲೇ ಅಬ್ಬರಿಸಿದರೆ ಹಾರಿ ಓಡುತ್ತದೆ. ಧಾರವಾಡದ ಗಾಯಕರು ವಿಲಂಬಿತದಲ್ಲಿ ರಾಗ ಬಿಡಿಸಿದ ಹಾಗೆ ಮೊಲವು ಮಂದ್ರದಲ್ಲಿ ನರಳಲಾರಂಭಿಸಿ, ನಡುವೆ ವಿಶ್ರಾಂತಿ ಕೊಟ್ಟು, ಕ್ರಮೇಣ ತಾರಕ್ಕೇರಬೇಕು. ಎಳೆಯ ಬೇಟೆಗಾರರು ಚಳಿ ತಡೆಯಲಾರದೆ ಎರಡನೆಯ ನಿಮಿಷಕ್ಕೇ ದ್ರುತಕ್ಕೆ ಹಾರುತ್ತಾರೆ. ಅದಿರಲಿ, ಪ್ರಕೃತಿಯಲ್ಲಿ ಯಾವ ಮೊಲವೂ ಒಂದೇ ಜಾಗದಲ್ಲಿ ಕೂತು ಇಪ್ಪತ್ತು ನಿಮಿಷ ಸಾಯುವುದಿಲ್ಲ. ಸಾಯುತ್ತ ಸಾಯುತ್ತ ಮಧ್ಯೆ ಕೆಮ್ಮುವುದೂ ಇಲ್ಲ. ಈ ಅಸಂಗತಿಯನ್ನು ಗುಡ್ಡದಾಚೆಯ ವಿಮರ್ಶಕನು ಗಮನಿಸಿರುತ್ತಾನೆ.

ಊಳಿಡುವುದು ಇನ್ನೂ ಅಪಾಯದ ವಿದ್ಯೆ. ಫಿಲಿಪ್ ಲೆನರ್ ಎಂಬ ವಿಜ್ಞಾನಿ 1978ರಲ್ಲಿ ಕಯೋಟಿಯ ಧ್ವನಿಗಳನ್ನು ಹನ್ನೊಂದು ಬಗೆಯಾಗಿ ವಿಂಗಡಿಸಿದ. ಬೇಟೆಗಾರನು ಇವುಗಳಲ್ಲಿ ಎರಡೋ ಮೂರೋ ಕಲಿತು, ವ್ಯಾಕರಣವಿಲ್ಲದ ಭಾಷೆಯಲ್ಲಿ ಜನವರಿಯ ಬೆದೆಗಾಲದಲ್ಲಿ ಗುಡ್ಡಕ್ಕೆ ಭಾಷಣ ಮಾಡುತ್ತಾನೆ. ತಾನು ಒಂಟಿ ಹೆಣ್ಣೆಂದು ಹೇಳಿಕೊಳ್ಳುತ್ತಿದ್ದೇನೆ ಎಂದು ಅವನ ನಂಬಿಕೆ. ‘ನಾನು ನಿನ್ನ ಎರಡರಷ್ಟಿದ್ದೇನೆ, ಈ ಸೀಮೆ ನನ್ನದು, ತೊಲಗು’ ಎಂದು ಹೇಳಿಬಿಟ್ಟಿರಲೂಬಹುದು. ಹೇಳಿ, ಬಂದೂಕವನ್ನು ಮಂಡಿಯ ಮೇಲಿಟ್ಟುಕೊಂಡು, ಬರುವರೆಂದು ಕಾಯುತ್ತಾನೆ.

ಗಂಧ ಪ್ರಕರಣವನ್ನು ಬೇಗ ಮುಗಿಸೋಣ, ಏಕೆಂದರೆ ಇದರಲ್ಲಿ ಗೆಲುವು ಯಾವಾಗಲೂ ಎದುರಾಳಿಯದು. ಕಯೋಟಿ ಕರೆಗೆ ಓಗೊಟ್ಟರೂ ನೇರ ಬರುವುದಿಲ್ಲ. ಸುತ್ತು ಹಾಕಿ ಗಾಳಿ ಬೀಸಿ ಹೋಗುವ ಕಡೆಗೆ ಬಂದು, ಮೊಲದ ವಾಸನೆ ಇದೆಯೇ ಎಂದು ಮೂಸಿ, ಆಮೇಲೆ ಮುಂದಿನ ಮಾತು. ಇದನ್ನರಿತ ಬೇಟೆಗಾರ ವಾಸನೆಯಿಲ್ಲದ ಸಾಬೂನಿನಲ್ಲಿ ಮೀಯುತ್ತಾನೆ, ಬಟ್ಟೆಯನ್ನು ಸೇಜ್ ಎಲೆಗಳ ಜತೆ ಚೀಲದಲ್ಲಿ ಕಟ್ಟಿಡುತ್ತಾನೆ, ನರಿಯ ಮೂತ್ರವನ್ನು ಸೀಸೆಯಲ್ಲಿ ದುಡ್ಡು ಕೊಟ್ಟು ತರುತ್ತಾನೆ. ಟ್ರಕ್ಕನ್ನು ದಿಬ್ಬದ ಹಿಂದೆ ಅಡಗಿಸಿ, ಬಾಗಿಲನ್ನು ಹಸುಗೂಸಿನ ತೊಟ್ಟಿಲ ಬಳಿಯಲ್ಲಿರುವವನಂತೆ ಮುಚ್ಚುತ್ತಾನೆ. ಜತೆಗಾರನು ತನ್ನ ಕಡೆಯ ಬಾಗಿಲನ್ನು ಧಡಾರನೆ ಹಾಕುತ್ತಾನೆ. ಅನೇಕ ಸ್ನೇಹಗಳು ಈ ಬಾಗಿಲಿನಲ್ಲಿ ಮುಗಿದಿವೆ.

ಈಗ ಪ್ರಮಾಣ ವಿಚಾರ. ಇದು ಶಾಸ್ತ್ರದ ಹೃದಯ. ಗುಡ್ಡದಲ್ಲಿ ಕಯೋಟಿ ಇದೆಯೆಂದು ತಿಳಿಯುವುದು ಹೇಗೆ? ಪ್ರತ್ಯಕ್ಷವು ಸಾಧ್ಯವಿಲ್ಲವೆಂದು ಮೇಲೆಯೇ ಸಿದ್ಧವಾಗಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಹಿಕ್ಕೆಯಿಂದ ಕಯೋಟಿಯನ್ನು ಊಹಿಸಬಹುದು, ಆದರೆ ಹಿಕ್ಕೆ ಹಾಕಿದವನು ಅಲ್ಲೇ ಕೂತಿರಬೇಕೆಂಬ ವ್ಯಾಪ್ತಿ ಸಿದ್ಧಿಸದು. ಶಬ್ದಪ್ರಮಾಣವಂತೂ ಮೋಸ. ಎರಡೇ ಕಯೋಟಿಗಳು ರಾತ್ರಿ ದನಿಯನ್ನು ಏರಿಳಿಸಿ ಊಳಿಟ್ಟರೆ ಕೇಳಿದವನಿಗೆ ಒಂದು ಹಿಂಡೇ ಇದೆಯೆನ್ನಿಸುತ್ತದೆ. ವಿಜ್ಞಾನಿಗಳು ಇದನ್ನು ಬೋ ಜೆಸ್ಟ್ ಪರಿಣಾಮ ಎನ್ನುತ್ತಾರೆ. ಬೇಟೆಗಾರ ಮರುದಿನ ಹೋಟೆಲಿನಲ್ಲಿ ‘ಕಣಿವೆ ತುಂಬ ಅವೇ’ ಎನ್ನುವುದು ಸುಳ್ಳಲ್ಲ, ಶ್ರುತಿ.

ಉಳಿದದ್ದು ಅನುಪಲಬ್ಧಿ. ಒಂದು ವಸ್ತು ಕಾಣದಿರುವುದರಿಂದಲೇ ಅದರ ಅಭಾವವನ್ನು ತಿಳಿಯುವುದು ಬೇರೆಯೇ ಒಂದು ಪ್ರಮಾಣವೆಂದು ಕುಮಾರಿಲ ಭಟ್ಟನ ಮತ; ಪ್ರಾಭಾಕರರು ಒಪ್ಪುವುದಿಲ್ಲ. ಈ ಜಗಳ ನೆವಾಡಾದಲ್ಲಿ ಇಂದಿಗೂ ಜೀವಂತವಾಗಿದೆ. ಭಾಟ್ಟ ಬೇಟೆಗಾರನು ಹದಿನೈದು ನಿಮಿಷ ಬಯಲನ್ನು ನೋಡಿ, ಏನೂ ಕಾಣದೆ, ‘ಇಲ್ಲಿಲ್ಲ’ ಎಂದು ನಿಶ್ಚಯಿಸಿ ಏಳುತ್ತಾನೆ. ಪ್ರಾಭಾಕರನು ಅವನ ತೋಳು ಹಿಡಿದು, ‘ನಿನಗೆ ತಿಳಿದದ್ದು ಬರಿಯ ಬಯಲು, ಕಯೋಟಿಯ ಅಭಾವವಲ್ಲ, ಕೂತಿರು’ ಎನ್ನುತ್ತಾನೆ. ಭಾಟ್ಟನು ತೋಳು ಬಿಡಿಸಿಕೊಂಡು ಎದ್ದು ನಿಲ್ಲುವ ಕ್ಷಣದಲ್ಲಿ, ಬೆನ್ನ ಹಿಂದೆ ನೂರು ಗಜದಾಚೆ, ಅಷ್ಟು ಹೊತ್ತೂ ಅಲ್ಲೇ ಕೂತು ಇಬ್ಬರನ್ನೂ ನೋಡುತ್ತಿದ್ದ ಕಯೋಟಿ ಬಾಲ ಇಳಿಬಿಟ್ಟು ಓಡುತ್ತದೆ. ಪ್ರಾಭಾಕರ ಗೆದ್ದ. ಕಯೋಟಿ ಹೋಯಿತು.

ಇದರಿಂದ ಕಾಲನಿರ್ಣಯದ ಪ್ರಶ್ನೆ ಏಳುತ್ತದೆ. ಒಂದು ಸ್ಟ್ಯಾಂಡಿನಲ್ಲಿ, ಅಂದರೆ ಕರೆಯಲೆಂದು ಆರಿಸಿಕೊಂಡ ಒಂದು ಜಾಗದಲ್ಲಿ, ಎಷ್ಟು ಹೊತ್ತು ಕೂರಬೇಕು? ಬಯಲುಸೀಮೆಯವರು ಹದಿನೈದು ನಿಮಿಷ ಎನ್ನುತ್ತಾರೆ, ಪೂರ್ವದ ಕಾಡಿನವರು ಅರ್ಧ ಗಂಟೆ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಬಂದೀತೆಂಬ ಆಸೆಯವರು ಮುಕ್ಕಾಲು ಗಂಟೆ. ಎದ್ದ ಕೂಡಲೇ ಕಯೋಟಿ ಕಾಣುವುದು ನಿಯಮವಾದರೆ ಬಂದ ಕೂಡಲೇ ಎದ್ದು ನಿಲ್ಲಬಾರದೇಕೆ ಎಂದು ಪೂರ್ವಪಕ್ಷ. ಕೂತವನೇ ಏಳಬಲ್ಲನಾದ್ದರಿಂದ, ಕೂರದೆ ನಿಂತದ್ದು ಏಳುವಿಕೆಯಲ್ಲ, ಬರಿಯ ನಿಲುವಿಕೆ. ನಿಲುವಿಕೆಗೆ ಕಯೋಟಿ ಕಾಣುತ್ತದೆಂದು ಯಾರೂ ಹೇಳಿಲ್ಲ ಎಂದು ಸಿದ್ಧಾಂತ. ವೃದ್ಧರು ಇದನ್ನು ಒಪ್ಪಿದ್ದಾರೆ.

ಬಾರದ ಕಾರಣಗಳಲ್ಲಿ ಹುಣ್ಣಿಮೆ ಮುಖ್ಯವಾದುದು, ರಾತ್ರಿಯಿಡೀ ಬೆಳದಿಂಗಳಲ್ಲಿ ತಿಂದು ಮಲಗಿರುತ್ತವೆ ಎಂದು. ಅಮಾವಾಸ್ಯೆಗೂ ಒಂದು ಕಾರಣವಿದೆ. ಗಾಳಿ ಹೆಚ್ಚಾದರೆ ಕರೆ ಕೇಳಿಸದು, ಕಡಿಮೆಯಾದರೆ ಬೇಟೆಗಾರನೇ ಕೇಳಿಸುತ್ತಾನೆ. ಇವೆಲ್ಲ ಗೌಣ. ಬೇಟೆಗಾರರು ಕೊನೆಗೆ ಮೊರೆಹೋಗುವ ಕಾರಣ ಒಂದೇ: ‘ಇಲ್ಲಿಯ ಕಯೋಟಿಗಳು ವಿದ್ಯಾವಂತವಾಗಿಬಿಟ್ಟಿವೆ.’ ಅವರು ಆಡುವ ಮಾತೇ ಇದು. ಯಾರೋ ಒಬ್ಬ ಬಂದು ಮೊಲದ ಕರೆ ಊದಿ, ಗುಂಡು ಗುರಿತಪ್ಪಿಸಿ ಹೋದರೆ, ಆ ಕಣಿವೆಯ ಕಯೋಟಿ ಮತ್ತೆ ಮೊಲದ ಹೆಸರೆತ್ತುವುದಿಲ್ಲ. ಎಂದರೆ ಪಶ್ಚಿಮ ಅಮೆರಿಕವೆಲ್ಲ ಒಂದು ದೊಡ್ಡ ಗುರುಕುಲ. ಶುಲ್ಕವಿಲ್ಲ, ಪ್ರವೇಶಪರೀಕ್ಷೆಯಿಲ್ಲ. ಅಧ್ಯಾಪಕರೇ ತಮ್ಮ ಖರ್ಚಿನಲ್ಲಿ ಕಾಡತೂಸು ತಂದು, ಮನೆಬಾಗಿಲಿಗೆ ಬಂದು ಪಾಠ ಹೇಳಿ ಹೋಗುತ್ತಾರೆ. ನಪಾಸಾದವರು ಮತ್ತೆ ತರಗತಿಗೆ ಬಾರದಿರುವುದರಿಂದ ಫಲಿತಾಂಶ ಸದಾ ನೂರಕ್ಕೆ ನೂರು.

ಈ ವಿದ್ಯಾಸಂಸ್ಥೆಗೆ ಸರ್ಕಾರದ ಅನುದಾನವೂ ಇದೆ. ಪರಭಕ್ಷಕ ಪ್ರಾಣಿಗಳನ್ನು ಕೊಲ್ಲಲು ಅಮೆರಿಕದ ಸಂಸತ್ತು 1915ರಿಂದಲೇ ಹಣ ಕೊಡುತ್ತ ಬಂತು, 1931ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. ಬಲೆ, ವಿಷ, ವಿಮಾನದಿಂದ ಗುಂಡು ಎಲ್ಲ ನಡೆಯಿತು. ಅಡಾಲ್ಫ್ ಮ್ಯೂರಿ ಎಂಬ ಜೀವವಿಜ್ಞಾನಿ ಯೆಲ್ಲೊಸ್ಟೋನಿನಲ್ಲಿ ಹಿಕ್ಕೆಗಳನ್ನು ರಾಶಿರಾಶಿ ಬಿಡಿಸಿ ನೋಡಿ, ಈ ಪ್ರಾಣಿ ಹೆಚ್ಚಾಗಿ ತಿನ್ನುವುದು ಇಲಿಹೆಗ್ಗಣಗಳನ್ನು ಎಂದು 1940ರಲ್ಲಿ ವರದಿ ಬರೆದ; ಮೇಲಿನವರಿಗೆ ಅದು ರುಚಿಸಲಿಲ್ಲ. ಸರ್ಕಾರಿ ಜಮೀನಿನಲ್ಲಿ ವಿಷವಿಡುವುದನ್ನು ಅಧ್ಯಕ್ಷ ನಿಕ್ಸನ್ 1972ರಲ್ಲಿ ನಿಲ್ಲಿಸಿದ. ಈಗಲೂ ಸರ್ಕಾರದ ವೈಲ್ಡ್‌ಲೈಫ್ ಸರ್ವಿಸಸ್ ಇಲಾಖೆಯೊಂದೇ ವರ್ಷಕ್ಕೆ 50,000ಕ್ಕೂ ಹೆಚ್ಚು ಕಯೋಟಿಗಳನ್ನು ಕೊಲ್ಲುತ್ತದೆ. ಇದರ ಫಲವೇನು? ಒಂದು ಕಾಲಕ್ಕೆ ನಡುನಾಡಿನ ಹುಲ್ಲುಗಾವಲಿನಲ್ಲೂ ನೈರುತ್ಯದ ಮರುಭೂಮಿಯಲ್ಲೂ ಇದ್ದ ಪ್ರಾಣಿ, ತೋಳಗಳನ್ನು ಮನುಷ್ಯನೇ ತೆರವು ಮಾಡಿಕೊಟ್ಟ ಮೇಲೆ, ಉತ್ತರಕ್ಕೆ ಅಲಾಸ್ಕಾ, ಪೂರ್ವಕ್ಕೆ ಅಟ್ಲಾಂಟಿಕ್ ಕರಾವಳಿ, ದಕ್ಷಿಣಕ್ಕೆ 1980ರ ದಶಕದ ಹೊತ್ತಿಗೆ ಪನಾಮಾ ತಲುಪಿತು. ನೂರು ವರ್ಷ ಓಡಿಸಿದ್ದಕ್ಕೆ ಇಷ್ಟು. ಓಡಿಸದೆ ಬಿಟ್ಟಿದ್ದರೆ ಪಾಪ, ಅಲ್ಲೇ ಇರುತ್ತಿತ್ತೋ ಏನೋ.

ಇಲ್ಲಿ ಎರಡು ದೃಷ್ಟಾಂತಗಳನ್ನು ಗಮನಿಸಬೇಕು. 2002ರ ಫೆಬ್ರವರಿಯಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ವಿಮಾನನಿಲ್ದಾಣದಲ್ಲಿ ಒಂದು ಕಯೋಟಿ ನಗರರೈಲಿಗೆ ಹತ್ತಿ ಸೀಟಿನ ಮೇಲೆ ಸುರುಟಿಕೊಂಡು ಮಲಗಿತು. 2007ರ ಏಪ್ರಿಲಿನಲ್ಲಿ ಇನ್ನೊಂದು ಶಿಕಾಗೋ ನಗರದ ನಡುಮಧ್ಯದ ಸ್ಯಾಂಡ್‌ವಿಚ್ ಅಂಗಡಿಗೆ ಹಾಡಹಗಲೇ ನಡೆದು ಬಂದು, ತಂಪುಪಾನೀಯ ಇಡುವ ಕಪಾಟಿನಲ್ಲಿ ಕುಳಿತುಬಿಟ್ಟಿತು. ಈ ಎರಡೂ ಕಡೆ ಯಾರೂ ಮೊಲದ ದನಿ ಮಾಡಿರಲಿಲ್ಲ. ಯಾರೂ ವಾಸನೆಯಿಲ್ಲದ ಸಾಬೂನಿನಲ್ಲಿ ಮಿಂದಿರಲಿಲ್ಲ. ಬಾಗಿಲುಗಳು ಸಾಕಷ್ಟು ಸದ್ದು ಮಾಡಿರಲೇಬೇಕು. ಅನ್ವಯ ವ್ಯತಿರೇಕಗಳಿಂದ ನೋಡಿದರೆ, ಕರೆದಲ್ಲಿ ಬಾರದು, ಕರೆಯದಲ್ಲಿ ಬರುತ್ತದೆ; ಆದುದರಿಂದ ಕರೆಯೇ ಪ್ರತಿಬಂಧಕ.

ಈ ನಿರ್ಣಯದ ಮೇಲೆ ಪೂರ್ವಪಕ್ಷಿಯ ಕೊನೆಯ ಆಕ್ಷೇಪ. ಅವನೆನ್ನುತ್ತಾನೆ: ಆವಾಹನ ವಿದ್ಯೆ ಇರುವುದು ನಿಜ, ಆದರೆ ಅದು ನಿಮ್ಮಲ್ಲಿಲ್ಲ. ಶುಕ್ರವಾರ ರಾತ್ರಿ ಕಯೋಟಿಯೊಂದು ಹೆದ್ದಾರಿಯ ಬದಿಯ ದಿಬ್ಬದಲ್ಲಿ ನಿಂತು ಒಂದು ಸಲ ಊಳಿಟ್ಟರೆ ಸಾಕು, ಶನಿವಾರ ಸೂರ್ಯ ಹುಟ್ಟುವುದರೊಳಗೆ ಅದೇ ದಿಬ್ಬದ ಕೆಳಗೆ ಇಬ್ಬರು ಗಂಡಸರು, ಒಂದು ಟ್ರಕ್ಕು, ಮಡಚುವ ಕುರ್ಚಿಗಳ ಸಮೇತ ಹಾಜರು. ಪೀಪಿಯಿಲ್ಲ, ರಿಮೋಟಿಲ್ಲ, ಗಾಳಿಯ ದಿಕ್ಕು ನೋಡುವ ಗೋಜಿಲ್ಲ. ಹಾಗಿರಲು ಈ ಶಾಸ್ತ್ರದ ಕರ್ತೃ ಯಾರು, ಕರ್ಮ ಯಾರು ಎಂಬುದನ್ನು ಸಿದ್ಧಾಂತಿ ಹೇಳಬೇಕು.

ಸಿದ್ಧಾಂತಿಯು ಉತ್ತರಿಸಲೆಂದು ಗಂಟಲು ಸರಿಮಾಡಿಕೊಂಡನು. ಅಷ್ಟರಲ್ಲಿ ಹಿಮ ನಿಂತಿದೆ, ಗಾಳಿ ವಾಯವ್ಯಕ್ಕೆ ತಿರುಗಿದೆ, ನದಿಯಾಚೆಯ ರ‍್ಯಾಂಚಿನ ಹತ್ತಿರ ರಾತ್ರಿ ಯಾರಿಗೋ ದನಿ ಕೇಳಿಸಿತಂತೆ ಎಂಬ ವರ್ತಮಾನ ಬಂದದ್ದರಿಂದ, ಪೂರ್ವಪಕ್ಷಿಯನ್ನೂ ಹತ್ತಿಸಿಕೊಂಡು ಹೊರಟುಹೋದನು.